ಸೆಟ್ಟಿಂಗ್ ಪುಸ್ತಕದ ಅಂಚಿನಲ್ಲಿ

ಪುಟ್ಟಿ,

ಹೋದ ಭಾನುವಾರ ನೀನು ಬಂದು ಹೋದ ಮೇಲೆ ನಿನ್ನ ದೊಡ್ಡಮ್ಮ ಎರಡು ಸಲ ಕೇಳಿದಳು, ‘ಹುಡುಗಿ ಯಾಕೋ ಸಪ್ಪಗಿದ್ದಳಲ್ಲಾ’ ಅಂತ. ಕೋನಪ್ಪನ ಅಗ್ರಹಾರದಲ್ಲಿ ಹಳದಿ ಮೆಟ್ರೊ ಹತ್ತಿ, ಆರ್.ವಿ. ರಸ್ತೆಯಲ್ಲಿ ಹಸಿರಿಗೆ ಬದಲಾಯಿಸಿ, ದಾಸರಹಳ್ಳಿಯಲ್ಲಿ ಇಳಿದು ಬಂದಿದ್ದೆ. ಬೆಂಗಳೂರಿನ ಆ ಕೊನೆಯಿಂದ ಈ ಕೊನೆಗೆ. ದಣಿವಿರಬೇಕು ಅಂದುಕೊಂಡೆ. ಊಟಕ್ಕೆ ಕೂತಾಗ ನೀನೇ ಬಾಯಿಬಿಟ್ಟೆ: ‘ದೊಡ್ಡಪ್ಪ, ಬರೆಯೋದು ಬಿಟ್ಬಿಟ್ಟೆ. ಎರಡು ವರ್ಷ ಬರೆದೆ, ಯಾರೂ ಓದಲ್ಲ. ಸುಮ್ನೆ ಟೈಮ್ ವೇಸ್ಟು.’ ನನ್ನ ಬಾಯಲ್ಲಿ ಮುದ್ದೆ ಇತ್ತು, ‘ಹೂಂ’ ಅಂದು ಸುಮ್ಮನಾದೆ. ಮುದ್ದೆ ನುಂಗುವಾಗ ಮಾತಾಡಬಾರದು ಅನ್ನುವುದು ಒಂದು ಕಾರಣ. ನಿನಗೇನು ಉತ್ತರ ಕೊಡಬೇಕೋ ಆ ಹೊತ್ತಿಗೆ ನನಗೇ ಗೊತ್ತಿರಲಿಲ್ಲ ಅನ್ನುವುದು ಇನ್ನೊಂದು. ಈ ವಾರವೆಲ್ಲ ಅಟ್ಟದ ಮೇಲಿನ ಟ್ರಂಕು ಇಳಿಸಿಕೊಂಡು ಹಳೆಯ ಪುಸ್ತಕಗಳನ್ನು ತಿರುವಿಹಾಕಿದೆ. ಈಗ ಹೇಳಬಲ್ಲೆ.

ನಿನಗೆ ಗೊತ್ತಿಲ್ಲದ ಸಂಗತಿಯೊಂದಿದೆ. ನಾನೂ ಬರೆಯುವವನೇ. ಸಾಹಿತಿಯಲ್ಲ, ಅಚ್ಚಿನಲ್ಲಿ ನನ್ನ ಹೆಸರು ಬಂದದ್ದು ಮದುವೆ ಪತ್ರಿಕೆಯಲ್ಲಿ ಮಾತ್ರ. ಆದರೂ ಟ್ರಂಕಿನಲ್ಲಿ ನಲವತ್ತೊಂದು ನೋಟ್‌ಬುಕ್ಕುಗಳಿವೆ.

1981ರ ಜೂನ್ ತಿಂಗಳಲ್ಲಿ ತುಮಕೂರಿನಲ್ಲಿ ಐಟಿಐ ಮುಗಿಸಿ, ಟರ್ನರ್ ಸರ್ಟಿಫಿಕೇಟು ಹಿಡಿದು ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಬಂದಾಗ ನನಗೆ ಇಪ್ಪತ್ತೊಂದು. ಊರಿಗೆ ಊರೇ ಆಗ ಸರ್ಕಾರಿ ಕಾರ್ಖಾನೆಗಳ 77 ದಿನದ ಮುಷ್ಕರದ ಮಾತಾಡುತ್ತಿತ್ತು. ಅದು ಮುಗಿದು ಮೂರೇ ತಿಂಗಳಾಗಿತ್ತು. ಎಚ್‌ಎಂಟಿಯಲ್ಲೋ ಬಿಇಎಲ್‌ನಲ್ಲೋ ಕೆಲಸ ಸಿಕ್ಕಿದವನಿಗೆ ಹೆಣ್ಣು ಕೊಡಲು ಜನ ಮನೆಬಾಗಿಲಿಗೆ ಬರುತ್ತಿದ್ದರು. ಪೀಣ್ಯದ ಶೆಡ್ಡಿನವನು ಕಾಯಬೇಕಿತ್ತು. ನಾನು ಕಾದೆ. ಎರಡನೇ ಹಂತದಲ್ಲಿ ಹನ್ನೊಂದು ಜನರ ಒಂದು ಮೆಷಿನ್ ಶಾಪು. ನನಗೆ ಕೊಟ್ಟದ್ದು ಎಚ್‌ಎಂಟಿಯ ಎಲ್‌ಬಿ 17 ಲೇತು. ಮೊದಲ ದಿನವೇ ಅಲ್ಲಿನ ಹಿರಿಯ ಟರ್ನರ್ ಒಬ್ಬರು ಕರೆದು, ‘ಮೊದಲು ಒಂದು ಸೆಟ್ಟಿಂಗ್ ಪುಸ್ತಕ ತಗೋ’ ಅಂದರು.

ಸೆಟ್ಟಿಂಗ್ ಪುಸ್ತಕ ಅಂದರೆ ಇಷ್ಟು. ಇವತ್ತು ಮಾಡಿದ ಜಾಬು ಆರು ತಿಂಗಳ ಮೇಲೆ ಮತ್ತೆ ಬರುತ್ತದೆ. ಯಾವ ಟೂಲ್ ಹಾಕಿದ್ದೆ, ಸ್ಪೀಡೆಷ್ಟು, ಫೀಡೆಷ್ಟು, ಬಿಸಿಯಾದಾಗ ಯಾವ ಅಳತೆ ಜಾಸ್ತಿ ತೋರಿಸಿ ತಣ್ಣಗಾದ ಮೇಲೆ ಕುಗ್ಗಿತು, ಇದನ್ನೆಲ್ಲ ಬರೆದಿಟ್ಟುಕೊಳ್ಳದಿದ್ದರೆ ಅರ್ಧ ದಿನ ಹಾಳು, ಮೊದಲ ನಾಲ್ಕು ಪೀಸು ರಿಜೆಕ್ಟು. ಹಾಗಾಗಿ ಪ್ರತಿಯೊಬ್ಬ ಕಸುಬುದಾರನ ಹತ್ತಿರವೂ ಎಣ್ಣೆಯ ಬೆರಳಚ್ಚು ಬಿದ್ದ ಒಂದು ಪುಸ್ತಕ ಇರುತ್ತಿತ್ತು. ಕೆಲಸ ಬಿಟ್ಟು ಹೋಗುವಾಗ ಮೈಕ್ರೊಮೀಟರನ್ನಾದರೂ ಬಿಟ್ಟುಹೋದಾರು, ಆ ಪುಸ್ತಕ ಬಿಡುತ್ತಿರಲಿಲ್ಲ.

ನನ್ನದರಲ್ಲಿ ಅಂಚು ಸ್ವಲ್ಪ ಅಗಲವಾಗಿತ್ತು. ತಪ್ಪು ಅಲ್ಲಿಂದ ಶುರುವಾಯಿತು ಅನ್ನು. ಮೊದಮೊದಲು ಕೆಲಸಕ್ಕೆ ಸಂಬಂಧಪಟ್ಟದ್ದೇ ಅಂಚಿಗೂ ಬಂತು: ‘ಪವರ್ ಕಟ್, 3ರಿಂದ 6.’ ಮುಂದಿನ ವಾರ: ‘ಪವರ್ ಕಟ್. ಎಲ್ಲರೂ ಶೆಡ್ಡಿನ ಹಿಂದೆ ಚೌಕಾಬಾರ. ನಾನು ಸೋತೆ.’ ಆಮೇಲೆ: ‘ಟೀ 40 ಪೈಸೆ ಮಾಡಿದ.’ 1982ರಲ್ಲಿ ಒಂದು ಕಡೆ ಇಎನ್-8 ಉಕ್ಕಿನ ಷಾಫ್ಟಿನ ಅಳತೆ ಪಕ್ಕದಲ್ಲೇ ಬರೆದಿದ್ದೇನೆ: ‘ಗೋಕಾಕ್ ಚಳವಳಿ ಮೆರವಣಿಗೆ. ರಾಜ್‌ಕುಮಾರ್ ದೂರದಿಂದ ಕಂಡರು. ಬಲಗಾಲಿನ ಚಪ್ಪಲಿ ಹೋಯಿತು.’ ಇಷ್ಟೇ. ಆ ದಿನ ಎಲ್ಲಿಂದ ಎಲ್ಲಿಗೆ ನಡೆದೆ, ಅವರು ಏನು ಮಾತಾಡಿದರು, ಒಂದೂ ನೆನಪಿಲ್ಲ. ಆದರೆ ಆ ಚಪ್ಪಲಿಯ ಸಾಲು ಓದಿದ ತಕ್ಷಣ ಕಾದ ಟಾರಿನ ಮೇಲೆ ಒಂಟಿಗಾಲಿಗೆ ಚಪ್ಪಲಿ ಹಾಕಿಕೊಂಡು ಯಶವಂತಪುರದವರೆಗೆ ಬಂದದ್ದು ಅಂಗಾಲಿಗೆ ನೆನಪಾಗುತ್ತದೆ.

ಈ ವಾರ ಲೆಕ್ಕ ಹಾಕಿದೆ. ಆ ಪುಸ್ತಕಗಳಲ್ಲಿ ಯಾವುದನ್ನು ಮುಖ್ಯವೆಂದು ಪುಟದ ನಡುವೆ ದಪ್ಪಕ್ಷರದಲ್ಲಿ ಬರೆದೆನೋ ಅದೊಂದೂ ಇವತ್ತು ಉಪಯೋಗಕ್ಕಿಲ್ಲ. ಆ ಲೇತು ಗುಜರಿಗೆ ತೂಕದ ಲೆಕ್ಕದಲ್ಲಿ ಹೋಯಿತು. ಆ ಜಾಬುಗಳನ್ನು ಈಗ ಸಿಎನ್‌ಸಿ ಮೆಷಿನ್ನು ಕಣ್ಣುಮುಚ್ಚಿ ಮಾಡುತ್ತದೆ. ಅಂಚಿನಲ್ಲಿ ಗೀಚಿದ್ದು ಮಾತ್ರ ಉಳಿದಿದೆ. ಮೆಟ್ರೊ ಪೀಣ್ಯಕ್ಕೆ ಬಂದದ್ದು 2014ರ ಮಾರ್ಚ್ 1ಕ್ಕೆ. ಮರುದಿನ, ಭಾನುವಾರ, ಹೀಗೆ ಬರೆದಿದ್ದೇನೆ: ‘ನಿಂತುಕೊಂಡೇ ಹೋದೆ. ಮೂವತ್ತಮೂರು ವರ್ಷ ಕೆಳಗೆ ನಿಂತು ಕೆಲಸ ಮಾಡಿದ ಚಾವಣಿಗಳನ್ನು ಇವತ್ತು ಮೇಲಿನಿಂದ ನೋಡಿದೆ. ಒಂದರ ಮೇಲೆ ಯಾರೋ ಮೆಣಸಿನಕಾಯಿ ಒಣಹಾಕಿದ್ದಾರೆ.’ ಮೆಟ್ರೊ ಬಂದ ದಿನವನ್ನು ಪೇಪರಿನವರು ಬರೆದಿಟ್ಟಿದ್ದಾರೆ. ಮೆಣಸಿನಕಾಯಿ ನಾನು ಬರೆಯದಿದ್ದರೆ ಇರುತ್ತಲೇ ಇರಲಿಲ್ಲ.

ಇದು ನನ್ನೊಬ್ಬನ ಹುಚ್ಚಲ್ಲ. ನಿಮ್ಮ ಆಫೀಸಿನಲ್ಲಿ ಫೈಲು ಅನ್ನುವುದಕ್ಕೆ ಕನ್ನಡದಲ್ಲಿ ಕಡತ ಅನ್ನುತ್ತಾರಲ್ಲ, ಆ ಹೆಸರು ಎಲ್ಲಿಂದ ಬಂತು ಗೊತ್ತೇನು? ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲಪುಡಿ ಬಳಿದು, ಕಪ್ಪಗೆ ಗಟ್ಟಿಯಾದ ಮೇಲೆ ಮಡಿಕೆ ಮಡಿಕೆಯಾಗಿ ಮಡಚಿ ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಅದೇ ಕಡತ. ಅಂಗಡಿಯವರು, ಶಾನುಭೋಗರು, ಮಠದ ಪಾರುಪತ್ಯಗಾರರು ದಿನದಿನದ ಲೆಕ್ಕ ಅದರಲ್ಲಿ ಬರೆದರು. ಎಣ್ಣೆ ಇಷ್ಟು, ಅಕ್ಕಿ ಇಷ್ಟು, ಆಳಿನ ಕೂಲಿ ಇಷ್ಟು. ಬರೆದವರಿಗೆ ಅದು ಬರೀ ಲೆಕ್ಕ. ಶೃಂಗೇರಿ ಮಠದ ಕಡತಗಳನ್ನು ಎ.ಕೆ. ಶಾಸ್ತ್ರಿಯವರು ಕೂತು ಓದಿ ಹೊರಗೆ ತಂದ ಮೇಲೆ ಅವು ನಾಡಿನ ಚರಿತ್ರೆಯಾದವು. ಪುದುಚೇರಿಯಲ್ಲಿ ಫ್ರೆಂಚರ ದುಭಾಷಿಯಾಗಿದ್ದ ಆನಂದರಂಗ ಪಿಳ್ಳೈ 1736ರಿಂದ 1761ರವರೆಗೆ ತಮಿಳಿನಲ್ಲಿ ದಿನಚರಿ ಬರೆದ. ಅವನು ವ್ಯಾಪಾರಿ. ಯಾವ ಹಡಗು ಬಂತು, ಗವರ್ನರು ಏನೆಂದ, ಊರಲ್ಲಿ ಯಾವ ಗಾಳಿಮಾತು ಹಬ್ಬಿದೆ, ಎಲ್ಲ ಬರೆದ. ಇವತ್ತು ಆ ಕಾಲದ ಪುದುಚೇರಿಯ ಬಗ್ಗೆ ಬರೆಯುವ ಯಾರೂ ಅವನ ಮನೆ ಬಾಗಿಲು ತಟ್ಟದೆ ಮುಂದೆ ಹೋಗುವಂತಿಲ್ಲ.

ಅಷ್ಟು ದೂರ ಯಾಕೆ, ನಿನ್ನ ಪಿಜಿಯಿಂದ ಬೇಗೂರು ಎಷ್ಟು ದೂರ? ಒಂದು ರಜೆ ದಿನ ಬೆಳಿಗ್ಗೆ, ಟ್ರಾಫಿಕ್ಕಿನ ಮುಂಚೆ ಹೋಗಿ ಬಾ. ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ಒಂದು ಕಲ್ಲಿದೆ. ಸುಮಾರು ಸಾವಿರದ ನೂರು ವರ್ಷದ ಹಳೆಯದು, ಗಂಗರ ಕಾಲದ್ದು. ಬೆಂಗಳೂರು ಅನ್ನುವ ಹೆಸರು ಸಿಗುವ ಅತಿ ಹಳೆಯ ಬರಹಗಳಲ್ಲಿ ಅದಕ್ಕೇ ಜಾಸ್ತಿ ಹೆಸರು. ಬೆಂದಕಾಳಿನ ಕತೆಯ ಬಲ್ಲಾಳರಾಯನಿಗಿಂತ ಕೆಲವು ಶತಮಾನ ಹಿಂದಿನದು. ಅದರಲ್ಲಿ ಏನಿದೆ ಅಂತೀಯ? ರಾಜನ ಪಟ್ಟಾಭಿಷೇಕ ಇಲ್ಲ, ಊರು ಕಟ್ಟಿದ ಬಿರುದಾವಳಿ ಇಲ್ಲ. ನಾಗತ್ತರ ಎಂಬ ಅಧಿಕಾರಿಯ ಮನೆಯ ಕಡೆಯವನೊಬ್ಬ ಬೆಂಗಳೂರಿನ ಕಾಳಗದಲ್ಲಿ ಸತ್ತ, ಅಷ್ಟೇ. ಒಂದು ಮನೆಯವರು ತಮ್ಮವನೊಬ್ಬನ ಸಾವನ್ನು ಬರೆಸಿಟ್ಟರು. ಅವನು ಸತ್ತ ಜಾಗದ ಹೆಸರು ಹಾದಿಹೋಕನ ಹಾಗೆ ಆ ಸಾಲಿನಲ್ಲಿ ಬಂದು ಕೂತಿತು. ಈಗ ಕೋಟಿಗೂ ಹೆಚ್ಚು ಜನರಿರುವ ಈ ಊರಿನ ಹೆಸರಿಗೆ ಅದೇ ಸಾಕ್ಷಿ. ಕಲ್ಲು ಕೆತ್ತಿದವನು ಎಷ್ಟು ಜನ ಓದುತ್ತಾರೆ ಅಂತ ಎಣಿಸುತ್ತ ಕೂರಲಿಲ್ಲ.

ನೀನು ನಗುತ್ತೀಯ, ‘ದೊಡ್ಡಪ್ಪ ನನ್ನನ್ನ ವೀರಗಲ್ಲಿಗೆ ಹೋಲಿಸ್ತಾ ಇದಾರೆ’ ಅಂತ. ಹೋಗಲಿ ಬಿಡು. ಓದುಗರ ವಿಚಾರಕ್ಕೆ ಬರೋಣ. ಇದರಲ್ಲಿ ನಾನು ಸುಟ್ಟುಕೊಂಡಿದ್ದೇನೆ. ನಿನ್ನ ದೊಡ್ಡಮ್ಮನಿಗೂ ಹೇಳದ ಕತೆ ಇದು.

1980ರ ದಶಕದಲ್ಲಿ ಪೀಣ್ಯದ ರಾಜ್ಯೋತ್ಸವ ಅಂದರೆ ನವೆಂಬರ್ ಪೂರ್ತಿ ನಡೆಯುತ್ತಿತ್ತು. ಒಂದೊಂದು ಕ್ರಾಸಿಗೂ ಒಂದು ಕನ್ನಡ ಸಂಘ. ಗೇಟಿನ ಮುಂದೆ ಅರಿಶಿನ ಕುಂಕುಮದ ಬಾವುಟ, ರಾತ್ರಿ ಆರ್ಕೆಸ್ಟ್ರಾ, ಹೋಳಿಗೆ ಇಲ್ಲದಿದ್ದರೂ ಮೈಸೂರುಪಾಕು. ನಮ್ಮ ಸಾಲಿನ ಆರೇಳು ಶೆಡ್ಡಿನವರು ಸೇರಿ ಗೋಡೆ ಪತ್ರಿಕೆ ಮಾಡುತ್ತಿದ್ದೆವು. ಹಳೆಯ ಡ್ರಾಯಿಂಗ್ ಶೀಟಿನ ಹಿಂಬದಿಗೆ ಸ್ಕೆಚ್ ಪೆನ್ನಿನಲ್ಲಿ ಬರೆದು ಗೇಟಿನ ಪಕ್ಕ ಅಂಟಿಸುವುದು. ‘ನೀನು ಏನೇನೋ ಗೀಚುತ್ತಿರ್ತೀಯಲ್ಲ, ನೀನೇ ಬರಿ’ ಅಂದರು. 1985ರಲ್ಲಿ ನಾಡುನುಡಿಯ ಬಗ್ಗೆ ಒಂದು ದೊಡ್ಡ ಲೇಖನ ಬರೆದೆ. ಊಟದ ಗಂಟೆ ಹೊಡೆದಾಗ ಜನ ಅದರ ಮುಂದೆಯೇ ಹಾದುಹೋದರು. ಒಬ್ಬನು ನಿಂತ; ಬೀಡಿ ಹಚ್ಚಿಕೊಳ್ಳಲು ನಿಂತದ್ದು ಅಂತ ಆಮೇಲೆ ಗೊತ್ತಾಯಿತು. ಹೋದ ಭಾನುವಾರ ನಿನ್ನ ಮುಖ ಹೇಗಿತ್ತೋ ನನ್ನದೂ ಆವತ್ತು ಹಾಗೇ ಇದ್ದಿರಬೇಕು.

ಮುಂದಿನ ವರ್ಷ ಹಟ ಹಿಡಿದೆ. ಈ ಸಲ ಜನ ಓದಲೇಬೇಕು. ನಮ್ಮ ಶಾಪಿನಲ್ಲಿ ರಾಯಚೂರು ಕಡೆಯ ಒಬ್ಬ ಹೆಲ್ಪರ್ ಇದ್ದ. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು. ಅವನ ಕನ್ನಡ ನಮಗೆ ಹೊಸದು, ಅದರ ಮೇಲೆ ಅವನಿಗೆ ತೊದಲು. ‘ಚಕ್ ಕೀ ಕೊಡು’ ಅಂದರೆ ಅವನು ಉತ್ತರ ಮುಗಿಸುವಷ್ಟರಲ್ಲಿ ನಾವೇ ಹೋಗಿ ತಂದಿರುತ್ತಿದ್ದೆವು. ನಾನು ಅವನನ್ನಿಟ್ಟುಕೊಂಡು ಒಂದು ನಗೆಬರಹ ಬರೆದೆ. ಹೆಸರು ಬದಲಾಯಿಸಿದ್ದೆ, ಆದರೆ ಹನ್ನೊಂದು ಜನರಿರುವ ಕಡೆ ಹೆಸರು ಬದಲಾಯಿಸಿದರೆ ಯಾರಿಗೆ ಗೊತ್ತಾಗುವುದಿಲ್ಲ? ಅವನ ತೊದಲನ್ನು ಅಕ್ಷರ ಅಕ್ಷರ ಬಿಡಿಸಿ ಬರೆದೆ. ಚೆನ್ನಾಗಿ ಬರೆದಿದ್ದೆ, ಅದೇ ದುರಂತ. ಗೋಡೆಯ ಮುಂದೆ ಜನ ಜಮಾಯಿಸಿದರು. ಪಕ್ಕದ ಶೆಡ್ಡಿನವರು ಬಂದರು, ಫೌಂಡ್ರಿಯವರು ಬಂದರು. ಒಬ್ಬ ಗಟ್ಟಿಯಾಗಿ ಓದುವುದು, ಉಳಿದವರು ಹೊಟ್ಟೆ ಹಿಡಿದು ನಗುವುದು. ನನ್ನ ಬೆನ್ನು ತಟ್ಟಿದ ಕೈಗಳ ಗ್ರೀಸು ಷರ್ಟಿನ ಮೇಲೆ ಉಳಿಯಿತು. ಆ ಸಂಜೆ ಏರಿದ ಅಮಲು ಇದೆಯಲ್ಲ, ಅದಕ್ಕೆ ಯಾವ ಬಾರೂ ಬೇಕಾಗಿರಲಿಲ್ಲ.

ಸೆಕೆಂಡ್ ಶಿಫ್ಟಿನವರು ಒಳಗೆ ಹೋದ ಮೇಲೆ ಗೇಟಿನ ಹತ್ತಿರ ಸೈಕಲ್ ತೆಗೆಯಲು ಬಂದೆ. ಟ್ಯೂಬ್‌ಲೈಟಿನ ಕೆಳಗೆ ಅವನೊಬ್ಬನೇ ನಿಂತಿದ್ದ. ನಾಲ್ಕನೇ ಕ್ಲಾಸಿನವರೆಗೆ ಓದಿದವನು. ಅಕ್ಷರದ ಮೇಲೆ ಬೆರಳಿಟ್ಟು, ಒಂದೊಂದೇ ಕೂಡಿಸಿಕೊಂಡು ಓದುತ್ತಿದ್ದ. ತುಟಿ ಅಲ್ಲಾಡುತ್ತಿತ್ತು. ನಾನು ಬಿಡಿಸಿ ಬರೆದ ಆ ಒಡಕು ಅಕ್ಷರಗಳನ್ನು ಅವನು ಕೂಡಿಸಿಕೊಳ್ಳುತ್ತಿದ್ದ, ಪುಟ್ಟಿ. ನಾನು ಸೈಕಲ್ ಬಿಟ್ಟು ಹಿಂದಿನ ಗೇಟಿನಿಂದ ನಡೆದುಕೊಂಡು ಮನೆಗೆ ಹೋದೆ.

ಮರುದಿನ ಅವನು ಒಂದು ಮಾತೂ ಆಡಲಿಲ್ಲ. ಊಟದ ಹೊತ್ತಿಗೆ ನಮ್ಮ ಜೊತೆ ಹೊಂಗೆಮರದ ಕೆಳಗೆ ಕೂರುತ್ತಿದ್ದವನು ಡಬ್ಬಿ ತಗೊಂಡು ಕಾಂಪ್ರೆಸರ್ ಪಕ್ಕಕ್ಕೆ ಹೋದ. ಆ ಗದ್ದಲದಲ್ಲಿ ಯಾರೂ ಯಾರ ಹತ್ತಿರವೂ ಮಾತಾಡುವ ಹಾಗಿರಲಿಲ್ಲ. ಸಂಕ್ರಾಂತಿಗೆ ಊರಿಗೆ ಹೋದವನು ಬರಲಿಲ್ಲ. ಕ್ಷಮೆ ಕೇಳಲು ನನಗೆ ಎರಡು ತಿಂಗಳು ಪೂರ್ತಿ ಇತ್ತು. ಕೇಳಲಿಲ್ಲ. ನಾಳೆ ಕೇಳೋಣ ಅಂತಿದ್ದೆ. ನನ್ನ ಆ ಬರಹವಿದ್ದ ಡ್ರಾಯಿಂಗ್ ಶೀಟಿನ ಖಾಲಿ ಜಾಗದಲ್ಲಿ ಡಿಸೆಂಬರ್ ತಿಂಗಳಲ್ಲಿ ಸ್ಟೋರಿನವರು ನಟ್ಟು ಬೋಲ್ಟಿನ ಸ್ಟಾಕು ಬರೆದರು.

ಓದುಗರು ಬೇಡ ಅಂತಲ್ಲ. ಓದಿಸಬೇಕು ಅನ್ನುವ ಹಸಿವು ಮೊದಲು ನಿನ್ನ ಪಕ್ಕದಲ್ಲಿ ಕೂತವರನ್ನೇ ತಿನ್ನುತ್ತದೆ. ನಿನ್ನ ಟೀಮ್ ಲೀಡಿನ ಇಂಗ್ಲಿಷು, ರೂಮ್‌ಮೇಟಿನ ಜಗಳ, ಅಪ್ಪನ ಪೆದ್ದುತನ, ಇವೆಲ್ಲ ಒಳ್ಳೆಯ ಸರಕು. ಹತ್ತು ಜನ ನಕ್ಕೇ ನಗುತ್ತಾರೆ. ಬರಿ, ಎಲ್ಲವನ್ನೂ ಬರಿ, ಸಿಟ್ಟಿದ್ದರೆ ಸಿಟ್ಟನ್ನೂ. ಆದರೆ ಅದು ನಿನ್ನ ಪುಸ್ತಕದಲ್ಲಿರಲಿ. ಯಾರಿಗಾದರೂ ತೋರಿಸುವ ಮುಂಚೆ, ಯಾರ ಬಗ್ಗೆ ಬರೆದಿದ್ದೀಯೋ ಅವರು ಬೆರಳಿಟ್ಟು ಓದುತ್ತಿರುವುದನ್ನು ಒಂದು ಸಲ ಕಣ್ಣಮುಂದೆ ತಂದುಕೋ. ಇನ್ನು ಕಂಪನಿಯ ಗುಟ್ಟು, ಗಿರಾಕಿಯ ಹೆಸರು, ಕೋಡು ಇವು ಯಾವ ಪುಸ್ತಕಕ್ಕೂ ಬೇಡ. ನಾವೂ ಡ್ರಾಯಿಂಗ್ ನಂಬರ್ ಬರೆದುಕೊಳ್ಳುತ್ತಿದ್ದೆವೇ ಹೊರತು ಡ್ರಾಯಿಂಗನ್ನು ಬಿಡಿಸಿಕೊಳ್ಳುತ್ತಿರಲಿಲ್ಲ. ಕಸುಬಿನ ಮರ್ಯಾದೆ ಅದು.

ಬರೆಯೋದು ಬರೀ ಹವ್ಯಾಸ ಅಂತಲೂ ಆವತ್ತು ಅಂದೆಯಲ್ಲ, ಆ ಮಾತು ನನಗೆ ಇಷ್ಟವಾಯಿತು. ಹಾಗಾದರೆ ಅದನ್ನು ಹವ್ಯಾಸವಾಗಿಯೇ ಬಿಡಬೇಕು. ನಮ್ಮಲ್ಲೊಬ್ಬ ಫಿಟ್ಟರ್ ಇದ್ದ, ಗುಜರಿ ಚೂರುಗಳನ್ನು ವೆಲ್ಡ್ ಮಾಡಿ ನವಿಲು, ನಗಾರಿ, ಎತ್ತಿನಗಾಡಿ ಮಾಡುತ್ತಿದ್ದ. ಯಾರೋ ‘ಮಾರು, ಒಳ್ಳೆ ರೇಟ್ ಬರುತ್ತೆ’ ಅಂದರು. ಐವತ್ತು ನವಿಲಿಗೆ ಆರ್ಡರ್ ಬಂತು. ಐವತ್ತೊಂದನೆಯದನ್ನು ಅವನು ಮಾಡಲೇ ಇಲ್ಲ. ನಿನಗೂ ಯಾರಾದರೂ ಬಂದು ಇದರಲ್ಲಿ ದುಡ್ಡು ಮಾಡಬಹುದು, ಇಷ್ಟು ಜನರನ್ನು ಸೇರಿಸಬಹುದು ಅಂತ ಹೇಳುತ್ತಾರೆ. ಹೊಟ್ಟೆಪಾಡಿಗೆ ಕೆಲಸ ಇದೆಯಲ್ಲ. ವಾರಕ್ಕೆ ಐದು ದಿನ ಟಾರ್ಗೆಟ್ಟು, ಅಪ್ರೈಸಲ್ಲು ಅಂತ ಸಾಯುತ್ತೀಯ. ಆರನೆಯ ದಿನಕ್ಕೂ ಅದನ್ನೇ ತಂದು ಹಾಕಿಕೊಳ್ಳಬೇಡ.

ದಿನಾ ಬರೆಯಬೇಕು ಅನ್ನುವ ಶಪಥವೂ ಬೇಡ. ನನ್ನ ಮೊದಲ ಪುಸ್ತಕಗಳಲ್ಲಿ ನಾಲ್ಕು ದಿನ ಬಿಟ್ಟುಹೋದರೆ ಅರ್ಧ ಪುಟ ಬರೀ ಕ್ಷಮಾಪಣೆ. ‘ಬರೆಯಲಾಗಲಿಲ್ಲ, ಇನ್ನು ಮುಂದೆ ತಪ್ಪದೆ’ ಇತ್ಯಾದಿ. ಯಾರಿಗೆ ಕೇಳಿದ್ದು ಅಂತ ಈಗ ನಗು ಬರುತ್ತದೆ, ಕೇಳಬೇಕಾದವನಿಗೆ ಕೇಳಲಿಲ್ಲ. 1989ರಲ್ಲಿ ಏಳು ತಿಂಗಳು ಖಾಲಿ. ನಿನ್ನ ಅಣ್ಣ ಹುಟ್ಟಿದ ವರ್ಷ, ರಾತ್ರಿ ಎಲ್ಲ ಓಟಿ. ಏಳು ತಿಂಗಳಾದ ಮೇಲೆ ತಾರೀಖು ಹಾಕಿ, ‘ಮಗುವಿಗೆ ಎರಡು ಹಲ್ಲು’ ಅಂತ ಶುರು ಮಾಡಿದ್ದೇನೆ. ಹಾಗೇ ಮಾಡು. ಎ.ಎನ್. ಮೂರ್ತಿರಾಯರು ಹಗಲುಗನಸಿನಂಥ ಕೆಲಸಕ್ಕೆ ಬಾರದ ವಿಷಯ ಇಟ್ಟುಕೊಂಡು 1937ರಲ್ಲಿ ಪುಸ್ತಕವನ್ನೇ ತಂದರು, ನೂರಮೂರು ವರ್ಷ ತುಂಬುವವರೆಗೆ ಬದುಕಿದರು. ಒಂದಕ್ಕೊಂದು ಸಂಬಂಧ ಇದೆ ಅಂತ ನನ್ನ ಅನುಮಾನ, ಡಾಕ್ಟರನ್ನು ಕೇಳಬೇಡ.

ಏನು ಬರೆಯಬೇಕು ಅಂತ ಕೇಳಿದರೆ, ಭಾವನೆ ಬರೆಯಬೇಡ, ಬೆಲೆ ಬರೆ ಅನ್ನುತ್ತೇನೆ. ಸ್ವಲ್ಪ ಒರಟಾಯಿತು. ಆದರೆ ನೋಡು, 2022ರ ಸೆಪ್ಟೆಂಬರ್ ಮಳೆಯಲ್ಲಿ ಮಹದೇವಪುರ, ಯಮಲೂರು ಕಡೆ ನೀರು ನಿಂತು ಐಟಿಯವರು ಟ್ರ್ಯಾಕ್ಟರಿನಲ್ಲಿ ಆಫೀಸಿಗೆ ಹೋದರಲ್ಲ, ಆಗ ನೀನೂ ವೈಟ್‌ಫೀಲ್ಡ್ ಕಡೆಗಿದ್ದೆ, ನೀನೂ ಹೋದೆ. ಫೋಟೊ ಕಳಿಸಿದ್ದೆ. ಆ ಫೋಟೊ ಎಲ್ಲರ ಹತ್ತಿರವೂ ಇದೆ. ಹೋದ ಭಾನುವಾರ ನಾನು ಕೇಳಿದೆ, ಆ ಟ್ರ್ಯಾಕ್ಟರಿನವನು ತಲೆಗೆ ಎಷ್ಟು ತಗೊಂಡ? ನಿನಗೆ ನೆನಪಿಲ್ಲ. ಯಾವ ಊರಿನವನು? ಗೊತ್ತಿಲ್ಲ. ಅವನ ಹೊಲ ಎಲ್ಲಿತ್ತು, ಈಗ ಅಲ್ಲಿ ಏನಿದೆ? ‘ಅಯ್ಯೋ ದೊಡ್ಡಪ್ಪ, ಯಾರು ಕೇಳ್ತಾರೆ ಅದನ್ನೆಲ್ಲ’ ಅಂದೆ. ಆ ಟ್ರ್ಯಾಕ್ಟರು ಹತ್ತಿದ ದಿನ ರಾತ್ರಿ ನೀನು ‘ಬೆಂಗಳೂರಿನ ಬಗ್ಗೆ ಬೇಸರ’ ಅಂತ ಎರಡು ಪುಟ ಬರೆದದ್ದು ಇದೆ, ಓದಿದ್ದೇನೆ. ಬೇಸರ ಯಾರಿಗಿಲ್ಲ? ಟ್ರ್ಯಾಕ್ಟರಿನ ಬಾಡಿಗೆ ಬರೆದಿದ್ದರೆ ಆ ಬೇಸರ ತಾನಾಗಿ ಅದರ ಹಿಂದೆಯೇ ಹತ್ತಿಕೊಂಡು ಬರುತ್ತಿತ್ತು.

ನೀನಿರುವ ಜಾಗದಲ್ಲೇ ಎಷ್ಟಿದೆ. ಕಿಯೋನಿಕ್ಸ್‌ನವರು ಆರ್.ಕೆ. ಬಾಳಿಗರ ಕಾಲದಲ್ಲಿ, 1978ರ ಸುಮಾರಿಗೆ, ಕೋನಪ್ಪನ ಅಗ್ರಹಾರ ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಮಾಡಲು ಹೊರಟರು ಅನ್ನುವುದನ್ನು ಯಾರು ಬೇಕಾದರೂ ಹೇಳುತ್ತಾರೆ. ನಿನ್ನ ಪಿಜಿ ಓನರಿನ ತಾಯಿ ಮೆಟ್ಟಿಲ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಾರೆ ಅಂದಿದ್ದೆಯಲ್ಲ, ಅವರನ್ನು ಕೇಳು. ರಾಗಿ ಕಣ ಎಲ್ಲಿತ್ತು, ಬಾವಿ ಎಲ್ಲಿತ್ತು, ಮೊದಲ ಸಲ ಹೊಸೂರು ರಸ್ತೆ ದಾಟಲು ಭಯವಾದದ್ದು ಯಾವಾಗ. ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರಿ. ಇದಕ್ಕೆ ಬೇಕಾದದ್ದು ಕಾಲು ಗಂಟೆ, ಎರಡು ಬಾಳೆಹಣ್ಣು. ಬರಿಗೈಲಿ ಹೋಗಬೇಡ.

ಅವರ ಮಾತಲ್ಲೇ ಅಂದೆ. ನೀನು ಇಂಗ್ಲಿಷಿನಲ್ಲಿ ಬರೆಯುವುದು ಕಂಡಿದ್ದೇನೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಆಫೀಸಿನ ದಿನ ಇಂಗ್ಲಿಷಿನಲ್ಲೇ ನಡೆಯುವುದಾದರೆ ಹಾಗೇ ಬರಿ. ಆದರೆ ಆ ಅಜ್ಜಿ ಇಂಗ್ಲಿಷಿನಲ್ಲಿ ಎಲೆಅಡಿಕೆ ಹಾಕಿಕೊಳ್ಳುವುದಿಲ್ಲ. ‘ಕಾಗುಣಿತ ತಪ್ಪಾಗುತ್ತೆ’ ಅನ್ನುತ್ತೀಯ. ತಪ್ಪಾಗಲಿ. ನಮ್ಮ ಸೀಮೆಯವರಿಗೆ ಹಕಾರ ಹುಟ್ಟಿನಿಂದಲೇ ಕಷ್ಟ. 1983ರಲ್ಲಿ ನಾನು ‘ಹೊಂಗೆಮರದ ಮೇಲೆ ಅಕ್ಕಿ ಕೂತಿತ್ತು’ ಅಂತ ಬರೆದಿದ್ದೇನೆ. ಅಕ್ಕಿ ಕೂತರೂ ಹಕ್ಕಿ ಕೂತರೂ ಆ ಪುಸ್ತಕಕ್ಕೆ ಪರೀಕ್ಷಕರಿಲ್ಲ. ಟೈಪ್ ಮಾಡುವುದು ಕಷ್ಟ ಅನ್ನುವ ನೆವವೂ ನಿಮ್ಮ ಕಾಲಕ್ಕಿಲ್ಲ. ಕೆ.ಪಿ. ರಾಯರು ಕೀಲಿಮಣೆಗೆ ಕನ್ನಡವನ್ನು ಉಚ್ಚಾರಕ್ಕೆ ತಕ್ಕಹಾಗೆ ಕೂರಿಸಿಕೊಟ್ಟು ದಶಕಗಳಾದವು; ಶೇಷಾದ್ರಿವಾಸು 1998ರಲ್ಲಿ ಬರಹ ಮಾಡಿಕೊಟ್ಟರು. ಅದೂ ಆಗದಿದ್ದರೆ ನೋಟ್‌ಬುಕ್ಕಿದೆ.

ನೋಟ್‌ಬುಕ್ಕು ಅಂದಾಗ ಒಂದು ಕಸುಬಿನ ಮಾತು. ನಿನ್ನ ಅಣ್ಣ ಕಾಲೇಜಿನಲ್ಲಿದ್ದಾಗ ಆರ್ಕುಟ್‌ನಲ್ಲಿ ಏನೇನೋ ಬರೆಯುತ್ತಿದ್ದ, ಚೆನ್ನಾಗಿಯೂ ಬರೆಯುತ್ತಿದ್ದ. 2014ರ ಸೆಪ್ಟೆಂಬರ್ 30ಕ್ಕೆ ಅದನ್ನು ಮುಚ್ಚಿದರು. ಇಳಿಸಿಕೊಳ್ಳಿ ಅಂತ ಹೇಳಿದ್ದರಂತೆ, ಇವನು ಇಳಿಸಿಕೊಳ್ಳಲಿಲ್ಲ. ಬಾಡಿಗೆ ಮನೆಯ ಗೋಡೆಗೆ ಮಕ್ಕಳ ಎತ್ತರ ಗೀಚಿ ಬಿಟ್ಟುಬಂದ ಹಾಗಾಯಿತು. ಹಾಗಂತ ಕಾಗದ ಶಾಶ್ವತವೇನಲ್ಲ. ನನ್ನ ಎರಡು ಪುಸ್ತಕ ಗೆದ್ದಲಿಗೆ ಹೋದವು. ಚಾವಣಿ ಸೋರಿ ಒಂದು ಪುಸ್ತಕ ನೆನೆದಾಗ ಜೆಲ್ ಪೆನ್ನಿನಲ್ಲಿ ಬರೆದದ್ದೆಲ್ಲ ನೀಲಿ ನೀರಾಯಿತು, ಬಾಲ್‌ಪೆನ್ನು ಅಷ್ಟಿಷ್ಟು ಉಳಿಯಿತು, ಅವಸರದಲ್ಲಿ ಪೆನ್ಸಿಲಿನಲ್ಲಿ ಗೀಚಿದ ಪುಟಗಳಿಗೆ ಏನೂ ಆಗಿರಲಿಲ್ಲ. ಫೋನಿನಲ್ಲಿ ಬರೆಯುವುದಾದರೆ ಯುಗಾದಿಗೊಮ್ಮೆ ಪ್ರಿಂಟ್ ತೆಗೆಸಿ ದಾರ ಹಾಕಿ ಹೊಲಿಸಿಡು. ತಾರೀಖು, ವಾರ, ಜಾಗ ಪ್ರತಿ ಸಲವೂ ಹಾಕು. ‘ನಿನ್ನೆ’ ಅಂತ ಬರೆದರೆ ಹತ್ತು ವರ್ಷದ ಮೇಲೆ ಯಾವ ನಿನ್ನೆ ಅಂತ ನಿನಗೇ ತಿಳಿಯುವುದಿಲ್ಲ. ಕುವೆಂಪು ತಮ್ಮ ಆತ್ಮಕಥೆ ‘ನೆನಪಿನ ದೋಣಿಯಲ್ಲಿ’ ಬರೆಯಲು ಕೂತಾಗ ವಿದ್ಯಾರ್ಥಿ ದಿನಗಳ ಹಳೆಯ ದಿನಚರಿ ಪುಟಗಳನ್ನೇ ತೆಗೆದು ಮುಂದಿಟ್ಟುಕೊಂಡರು. ಅಷ್ಟು ದೊಡ್ಡ ಕವಿಯೇ ನೆನಪನ್ನು ನಂಬಿ ಕೂರಲಿಲ್ಲ.

ನಾನು ನಂಬಿದ್ದೆ. ಆ ಹೆಲ್ಪರ್ ಹುಡುಗನ ಬಗ್ಗೆ ನನಗೆ ಉಳಿದಿದ್ದ ನೆನಪು ಟ್ಯೂಬ್‌ಲೈಟಿನ ಕೆಳಗಿನ ಆ ಬೆರಳು ಮಾತ್ರ. ಅವನ ಬಗ್ಗೆ ನಾನು ಬರೆದದ್ದು ಗೋಡೆಯ ಮೇಲಿನ ಅದೊಂದೇ, ಅದೂ ಹೋಯಿತು ಅಂತ ಸುಮಾರು ನಲವತ್ತು ವರ್ಷ ಅಂದುಕೊಂಡಿದ್ದೆ. ಗುರುವಾರ ರಾತ್ರಿ 1986ರ ಪುಸ್ತಕ ತಿರುವುವಾಗ ಬುಷ್ ಒಂದರ ಅಳತೆಯ ಪಕ್ಕ, ಅಂಚಿನಲ್ಲಿ, ಪೆನ್ಸಿಲಿನಲ್ಲಿ ಬರೆದದ್ದು ಸಿಕ್ಕಿತು. ರಾಜ್ಯೋತ್ಸವಕ್ಕೆ ಮೂರು ತಿಂಗಳ ಹಿಂದಿನದು. ನನ್ನದೇ ಕೈಬರಹ. ಹಾಗೇ ನಕಲು ಮಾಡುತ್ತಿದ್ದೇನೆ:

‘ಆಗಸ್ಟ್ 4, ಸೋಮವಾರ. ಮಳೆ. ಬಿಸಿ ಚಿಪ್ ಕಣ್ಣಿಗೆ ಹಾರಿತು. ರಾಯಚೂರಿನ ಹುಡುಗ ಟವೆಲ್ ತುದಿ ಒದ್ದೆ ಮಾಡಿ ತೆಗೆದ. ಕೈ ನಡುಗಲಿಲ್ಲ. ಊಟದಲ್ಲಿ ಜೋಳದ ರೊಟ್ಟಿ ಅರ್ಧ ಮುರಿದು ಕೊಟ್ಟ. ಕರೆಂಟ್ ಹೋದಾಗ ತತ್ವಪದ ಹಾಡಿದ. ಮಾತಾಡುವಾಗ ತೊದಲುತ್ತಾನೆ, ಹಾಡುವಾಗ ಒಂದು ಅಕ್ಷರವೂ ಒಡೆಯುವುದಿಲ್ಲ. ಬುಷ್ 12 ಆಯಿತು, ರಿಜೆಕ್ಟ್ ಇಲ್ಲ.’

ಮುಂದಿನ ಭಾನುವಾರ ಬಾ. ಟ್ರಂಕು ಇನ್ನೂ ಕೆಳಗೇ ಇದೆ.

ಇತಿ,
ನಿನ್ನ ದೊಡ್ಡಪ್ಪ